ಕೊರಳಿನ ಗಾಜು, ಪೆಟ್ಟಿಗೆಯ ಮುತ್ತು

ಪೆಟ್ಟಿಗೆ ಅತ್ತೆಯ ಮುತ್ತಿನ ಸರವನ್ನು ಬಿಚ್ಚಿ ಕಟ್ಟಿದರೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಟ್ಟೆ ಒಣಹಾಕಬಹುದಿತ್ತು. ಅದರ ಹೊಳಪು ನೋಡಿ ಎದುರು ಮನೆಯವರು ದೀಪ ಹಚ್ಚುವುದನ್ನೇ ಬಿಟ್ಟಿದ್ದರು. ಅಂಥ ಸರವನ್ನು ಈ ಕೈಯಲ್ಲೇ ಹಿಡಿದು ನೋಡಿದ್ದುಂಟು. ಆಯ್ತಪ್ಪ, ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ಈಗಲೇ ಕೇಳಬೇಡಿ. ಆ ಮನೆಯ ದೊಡ್ಡ ಸೊಸೆಗೇ ಅದು ತಿಳಿಯಲು ಅರ್ಧ ಆಯುಷ್ಯ ಬೇಕಾಯಿತು.

ಅತ್ತೆಗೆ ಆ ಹೆಸರು ಬಂದದ್ದು ದಿಂಬಿನ ಪಕ್ಕದ ತಗಡಿನ ಪೆಟ್ಟಿಗೆಯಿಂದ. ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಮುದುಕಿ ಗಂಡನ ಫೋಟೋವನ್ನು ಹಜಾರಕ್ಕೆ ಅಟ್ಟಿ ಪೆಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿಕೊಂಡಿದ್ದಳು. ತಿಂಗಳಿಗೊಮ್ಮೆ ಒಡವೆ ತೊಳೆಯುವ ದಿನ. ಅಂದು ದೊಡ್ಡವಳು ಕಿಟಕಿ ಪಕ್ಕದ ಮೇಜಿನ ಮೇಲೆ ಹಳೆಯ ಟವಲು ಹಾಸಿ ಬಟ್ಟಲುಗಳನ್ನು ಜೋಡಿಸಬೇಕು. ಚಿನ್ನದ ಬಳೆಗಳಿಗೆ ಸೋಪಿನ ನೀರು, ಅದೂ ಉಗುರುಬೆಚ್ಚಗೆ. ಬೆರಳನ್ನು ನಂಬುವಂತಿಲ್ಲ, ಒಲೆಯ ಮುಂದೆ ಬೆಂದು ಮರಗಟ್ಟಿರುತ್ತದೆ. ಮೊಣಕೈ ಅದ್ದಿಯೇ ನೋಡಬೇಕು. ಬೆಳ್ಳಿಗೆ ಸೀಮೆಸುಣ್ಣದ ಪುಡಿ. ಪಚ್ಚೆಯುಂಗುರ ಬಿಸಿಯ ಹತ್ತಿರ ಸುಳಿಯಬಾರದು, ಸೀಳು ಬಿಡುತ್ತದೆ. ಮುತ್ತನ್ನು ಒದ್ದೆ ಬಟ್ಟೆಯಲ್ಲಿ ಮಗುವಿನ ಕೆನ್ನೆ ಸವರಿದ ಹಾಗೆ ಸವರಬೇಕು, ಅಷ್ಟೇ. "ಹುಳಿ ತಾಗಿದ್ರೆ ಮುತ್ತು ಸತ್ತೇ ಹೋಗುತ್ತೆ ಕಣೇ," ಎಂದು ಅತ್ತೆ ಪ್ರತಿ ಸಲವೂ ಹೇಳುತ್ತಿದ್ದಳು. ಒಡವೆ ಮುಗಿದ ಮೇಲೆ ಅತ್ತೆಯ ಪಾದಗಳ ಸರದಿ. ಅವಕ್ಕೂ ಅದೇ ಮೊಣಕೈ. ಮುದುಕಿಯ ಪಾದದ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು.

ದೊಡ್ಡವಳೇನೂ ಇದನ್ನೆಲ್ಲ ಪುಕ್ಕಟೆ ಮಾಡುತ್ತಿರಲಿಲ್ಲ. ತಾನು ಹೋದ ಮೇಲೆ ಮುತ್ತಿನ ಸರ ನಿನಗೇ ಎಂದು ಅತ್ತೆ ಮಾತು ಕೊಟ್ಟಿದ್ದಳು. ಆ ಒಂದು ಮಾತಿನ ಮೇಲೆ ಅವಳು ಮುದುಕಿಯನ್ನು ಎತ್ತಿದಳು, ಹೊರಳಿಸಿದಳು, ಒರೆಸಿದಳು, ಬಾಯಿಗೆ ಬಂದಂತೆ ಬೈಸಿಕೊಂಡಳು. ಕರ್ರಗಿದ್ದ ಜಡೆ ಆ ಕೋಣೆಯಲ್ಲೇ ಬೆಳ್ಳಿಯಾಯಿತು. ಆ ಬೆಳ್ಳಿಯನ್ನು ಮಾತ್ರ ಯಾರೂ ಉಜ್ಜಿಕೊಡಲಿಲ್ಲ.

ಅವಳ ಕೊರಳಲ್ಲೂ ಒಂದು ಸರವಿತ್ತು. ಹೊಸ ಸೊಸೆಯಾಗಿ ಬಂದ ದಿನ ಅತ್ತೆಯೇ ಹಾಕಿದ್ದು. "ಗಾಜಿಂದು. ದಿನಾ ಹಾಕ್ಕೋ, ತೆಗೆದಿಟ್ರೆ ನಂಗೆ ಬೇಜಾರಾಗುತ್ತೆ," ಎಂದಿದ್ದಳು. ಪೆಟ್ಟಿಗೆ ತುಂಬ ಚಿನ್ನ ಇಟ್ಟುಕೊಂಡು ಸೊಸೆಗೆ ಗಾಜು! ಆ ಅವಮಾನಕ್ಕೆ ದೊಡ್ಡವಳ ಹೊಟ್ಟೆ ಅಂದು ಉರಿದದ್ದು ಇನ್ನೂ ಆರಿರಲಿಲ್ಲ. ಸರಕ್ಕೆ ಬೆವರಿನ ಜಿಡ್ಡು ಹಿಡಿದಾಗಲೆಲ್ಲ ಅವಳು ಅದನ್ನು ವಿನೆಗರ್ ಬಟ್ಟಲಿಗೆ ಅದ್ದಿ ತೆಗೆಯುತ್ತಿದ್ದಳು. ಕಿಟಕಿ ಗಾಜು ಒರೆಸುವ ವಿನೆಗರ್ರೇ. ಕಿಟಕಿಯೂ ಗಾಜು, ಇದೂ ಗಾಜು. ಅದ್ದಿದೊಡನೆ ಮಣಿಗಳ ಮೈತುಂಬ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಕೊಳೆ ಬಿಡುತ್ತಿದೆ ಎಂದು ಅವಳಿಗೆ ಸಮಾಧಾನ. ಬರಬರುತ್ತ ಮಣಿಗಳು ಸುಣ್ಣದ ಉಂಡೆಗಳಂತೆ ಮಂಕಾದವು, ಸವೆದು ಸಣ್ಣಗಾದವು. ಅಗ್ಗದ ಮಾಲು, ಸವೆಯದೆ ಇನ್ನೇನು ಎಂದುಕೊಂಡಳು.

ಹೀಗಿರುವಾಗ ಮನೆಗೆ ಚಿಕ್ಕ ಸೊಸೆ ಬಂದಳು. ಅವಳು ಬಂದ ಮೇಲಿನ ಮೊದಲ ಒಡವೆ ತೊಳೆಯುವ ದಿನವೇ ಅತ್ತೆ ಅವಳನ್ನು ಮಂಚದ ಬಳಿ ಕರೆದಳು.

"ಬಾರೇ ಚಿಕ್ಕೋಳೇ, ಕತ್ತು ತೋರ್ಸು. ಅಯ್ಯಯ್ಯೋ, ಕೊಕ್ಕರೆ ಕತ್ತು! ಮುತ್ತಿನ ಸರ ಇದಕ್ಕೇ ಸರಿ. ನಾನು ಹೋದ್ಮೇಲೆ ಅದು ನಿಂಗೆ."

ದೊಡ್ಡವಳ ಕೈಯಲ್ಲಿದ್ದ ಬ್ರಶ್ ಬಳೆಯ ಮೇಲೆ ನಿಂತುಹೋಯಿತು. "ಅತ್ತೆ, ಅದು ನಂಗೆ ಅಂದಿದ್ರಿ."

"ಅಂದಿದ್ದೆ. ಆಗ ನಿಂಗೂ ಕತ್ತಿತ್ತು. ಈಗೆಲ್ಲಿದೆ? ಕುಂಬಳಕಾಯಿ ತಂದು ಭುಜದ ಮೇಲೆ ಇಟ್ಟ ಹಾಗಿದೆ."

ಚಿಕ್ಕವಳು ಬಾಯಿಗೆ ಕೈ ಅಡ್ಡ ಹಿಡಿದಳು. ಬೆರಳ ಸಂದಿಯಿಂದ ನಗು ಸೋರಿಯೇ ಹೋಯಿತು. ಅತ್ತೆಯ ಮಾತಿಗಿಂತ ಆ ನಗು ದೊಡ್ಡವಳಿಗೆ ಹೆಚ್ಚು ಚುಚ್ಚಿತು.

ಊಟವಾಗಿ ಅತ್ತೆ ಗೊರಕೆ ಶುರುಮಾಡಿದಳು. ಗೊರಕೆಗೆ ಪೆಟ್ಟಿಗೆಯ ಬೀಗ ಅಲ್ಲಾಡುತ್ತಿತ್ತು. ದೊಡ್ಡವಳು ಮುತ್ತಿನ ಸರವನ್ನು ಚಿಕ್ಕವಳ ಅಂಗೈಗೆ ಇಳಿಬಿಟ್ಟು, ಬಾಯಲ್ಲಿ ಜೇನು ಸುರಿಸಿದಳು.

"ನಿಂದೇ ಆಯ್ತಲ್ಲ, ಇನ್ಮೇಲೆ ನೀನೇ ತೊಳಿ. ಜಿಡ್ಡು ಹಿಡಿದಿದೆ ನೋಡು. ವಿನೆಗರ್‌ನಲ್ಲಿ ನೆನೆಹಾಕು."

"ವಿನೆಗರ್ರಾ ಅಕ್ಕಾ? ಏನೂ ಆಗಲ್ವಾ?"

"ನಂದನ್ನ ನಾನು ಅದ್ರಲ್ಲೇ ತೊಳೆಯೋದು. ಇನ್ನೇನು, ಬರ್ಕೊಡ್ಬೇಕಾ?"

ಚಿಕ್ಕವಳು ನಂಬಿದಳು. ಸರ ಬಟ್ಟಲಿನ ತಳಕ್ಕೆ ಸುರುಳಿ ಸುತ್ತಿ ಕೂತಿತು. ದೊಡ್ಡವಳು ಬಳೆ ಉಜ್ಜುವ ನೆಪದಲ್ಲಿ ಮೈಯೆಲ್ಲ ಕಣ್ಣಾಗಿ ಕಾದಳು. ತನಗಿಲ್ಲದ ಮುತ್ತು ಯಾರಿಗೂ ಬೇಡ. ಅದು ಸತ್ತು ಮಂಕಾಗಲಿ. ಆಗ ಎದೆ ಬಡಿದುಕೊಂಡು ಕೂಗಿದರಾಯಿತು: ಅತ್ತೆ, ಏಳಿ, ನಿಮ್ಮ ಕೊಕ್ಕರೆ ಏನು ಮಾಡಿದ್ದಾಳೆ ನೋಡಿ! ಆ ಕೂಗನ್ನು ಅವಳು ಮನಸ್ಸಿನಲ್ಲೇ ಎರಡು ಮೂರು ರಾಗದಲ್ಲಿ ಕೂಗಿಯೂ ನೋಡಿದಳು.

ಬಳೆಗಳೆಲ್ಲ ಮುಗಿದವು. ಬೆಳ್ಳಿಯೂ ಮುಗಿಯಿತು. ಚಿಕ್ಕವಳು ಸರ ಎತ್ತಿ ಬೆಳಕಿಗೆ ಹಿಡಿದಳು.

"ಅಕ್ಕಾ, ನೋಡಿಲ್ಲಿ! ಅಂಗಡಿಯಿಂದ ಈಗ್ತಾನೆ ತಂದ ಹಾಗಿದೆ!"

ಸರ ಫಳಫಳ ಹೊಳೆಯುತ್ತಿತ್ತು. ದೊಡ್ಡವಳು ಬಟ್ಟಲಿಗೆ ಬಗ್ಗಿ ನೋಡಿದಳು. ವಿನೆಗರ್ ಕನ್ನಡಿಯಂತೆ ಸುಮ್ಮನಿತ್ತು.

ಮಂಚದ ಕಡೆಯಿಂದ ಕುಲುಕುಲು ನಗು ಬಂತು. ಗೊರಕೆ ಯಾವಾಗ ನಿಂತಿತ್ತೋ ಯಾರಿಗೂ ಗೊತ್ತಿಲ್ಲ.

"ಒಂದಾದ್ರೂ ಗುಳ್ಳೆ ಬಂತೇನೇ ದೊಡ್ಡೋಳೇ? ಗಾಜಿಗೆ ಗುಳ್ಳೆ ಎಲ್ಲಿಂದ ಬರುತ್ತೆ?"

ದೊಡ್ಡವಳ ಕೈ ತನ್ನಷ್ಟಕ್ಕೆ ತಾನೇ ಕೊರಳಿಗೆ ಹೋಯಿತು.

"ಹ್ಞೂಂ, ಅದೇ," ಎಂದಳು ಅತ್ತೆ. "ಅನುಮಾನ ಇದ್ರೆ ಹಲ್ಲಿಗೆ ಉಜ್ಜಿ ನೋಡು. ಗಾಜು ಜಾರುತ್ತೆ, ಮುತ್ತು ಮರಳು ಮರಳು ಅನ್ಸುತ್ತೆ. ನಾನೇ ನೋಡಿ ಹೇಳೋಣ ಅಂದ್ರೆ ನಂಗೆ ಹಲ್ಲಿಲ್ಲ."

ಚಿಕ್ಕವಳ ಕೈಯಲ್ಲಿದ್ದ ಹಾಗೇ ಪೆಟ್ಟಿಗೆಯ ಸರ ದೊಡ್ಡವಳ ಹಲ್ಲಿನ ಮೇಲೆ ಎಣ್ಣೆಯಂತೆ ಜಾರಿತು. ತನ್ನ ಸರದ ಮಣಿಯೊಂದನ್ನು ಉಜ್ಜಿದಳು. ಕರಕರ ಎಂದಿತು. ಬಾಯೊಳಗೆ ಸುಣ್ಣದ ರುಚಿ ಉಳಿಯಿತು.

"ಯಾಕತ್ತೆ?"

"ಬೆಲೆ ಇಲ್ಲ ಅಂದ್ಕೊಂಡಿರೋ ವಸ್ತೂನ ಹುಡುಗಿ ಹೇಗೆ ನೋಡ್ಕೋತಾಳೆ ನೋಡೋಣ ಅಂತ ಕೊಟ್ಟೆ. ವಾರ ಕಳೀಲಿಲ್ಲ, ನನ್ನ ಕಣ್ಣೆದುರೇ ಮೂತಿ ತಿರುವಿ ವಿನೆಗರ್‌ಗೆ ಎಸೆದೆ."

"ಒಂದು ಮಾತು ಹೇಳ್ಬಹುದಿತ್ತಲ್ಲ."

"ಹೇಳಿಬಿಟ್ರೆ ನಂಗೆ ಹೊತ್ತು ಹೋಗೋದು ಹೇಗೆ? ನೀನು ಅದ್ದಿದಾಗೆಲ್ಲ ಗುಳ್ಳೆ ಚುಂಯ್ ಅನ್ನೋದು ನಂಗೆ ಇಲ್ಲೀವರೆಗೂ ಕೇಳೋದು."

"ಮತ್ತೆ ಈ ಗಾಜನ್ನ ಬೀಗ ಹಾಕಿ ಇಟ್ಟಿದ್ದು?"

"ಪೆಟ್ಟಿಗೇಲಿ ಏನಾದ್ರೂ ಇರ್ಬೇಕಲ್ಲಮ್ಮಾ, ನೀನು ನನ್ನ ಕಾಲು ತೊಳೀಬೇಕಾದ್ರೆ."

ಚಿಕ್ಕವಳು ಸರವನ್ನು ಹಲ್ಲಿಯನ್ನು ಮುಟ್ಟಿದವಳಂತೆ ಮೇಜಿನ ಮೇಲೆ ಬಿಟ್ಟಳು. "ಹಾಗಾದ್ರೆ ನಂಗೆ ಕೊಡ್ತೀನಿ ಅಂದಿದ್ದು..."

"ಇವಳಿಗೆ ಸೊಂಟ ಹಿಡಿದ್ರೆ ನನ್ನ ಹೊರಳಿಸೋರು ಯಾರು? ಅದಕ್ಕೇ ನಿಂಗೂ ಅದೇ ಗಾಜು."

ಚಿಕ್ಕವಳು ಅತ್ತೆಯನ್ನು ನೋಡಿದಳು. ಆಮೇಲೆ ಬಟ್ಟಲನ್ನು ನೋಡಿದಳು, ಅಕ್ಕನನ್ನು ನೋಡಿದಳು. "ನಿಜವಾದ ಮುತ್ತಾಗಿದ್ರೆ ಏನಾಗ್ತಿತ್ತು ಅಕ್ಕಾ?" ಎಂದಳು. ಕೇಳಿದವಳೇ ಹೊರಗೆ ಹೋಗಿ, ಗೋಡೆಯ ಸುಣ್ಣ ಉದುರುವ ಹಾಗೆ ಬಾಗಿಲು ಹಾಕಿಕೊಂಡಳು.

ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಸಾಕಮ್ಮಾ, ಹೊಟ್ಟೆ ನೋವು ಬಂತು. ಪಾದ ತಣ್ಣಗಾಗಿದೆ, ನೀರು ತಾ."

ದೊಡ್ಡವಳು ಸರ ಬಿಚ್ಚಲಿಲ್ಲ, ಅಳಲಿಲ್ಲ, ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಕೆಟಲ್ಲಿನ ಮುಚ್ಚಳ ಕುಣಿಯುತ್ತಿತ್ತು. ಅದನ್ನು ಒಂದು ಕೈಯಲ್ಲಿ, ತಣ್ಣೀರಿನ ಜಗ್ಗನ್ನು ಇನ್ನೊಂದು ಕೈಯಲ್ಲಿ ಹಿಡಿದು ತಂದಳು. ಮಂಚದ ಬಳಿ ಬೇಸಿನ್ ಇಟ್ಟು ಕೆಟಲನ್ನು ಬಗ್ಗಿಸಿದಳು. ಹಬೆ ಎದ್ದು ಕಿಟಕಿ ಮಂಕಾಯಿತು. ಮುದುಕಿಯ ಎರಡೂ ಪಾದಗಳನ್ನು ಎತ್ತಿ ಬೇಸಿನ್ನಿನ ನೇರಕ್ಕೆ ತಂದಳು. ಮುದುಕಿ ಇನ್ನೂ ಕುಲುಕುಲು ನಗುತ್ತ, ಸುಖವಾಗಿ ಕಣ್ಣು ಮುಚ್ಚಿದ್ದಳು. ಜಗ್ಗು ನೆಲದ ಮೇಲೆ, ತುಂಬಿದ್ದು ತುಂಬಿದ ಹಾಗೇ ಇತ್ತು. ದೊಡ್ಡವಳು ಎಂದಿನಂತೆ ರವಿಕೆಯ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿದಳು.

ಮಡಚಿದಳು, ಸರಿ. ಅದ್ದಿದಳೇ? ಬೀದಿಗೆಲ್ಲ ಒಂದು ಕೂಗು ಕೇಳಿಸಿತು ಎಂದು ಕೆಲವರು, ಕೂಗಲ್ಲ, ಅದು ಮುದುಕಿಯ ನಗುವೇ ಎಂದು ಇನ್ನು ಕೆಲವರು. ನೀವೂ ಯಾರದ್ದಾದರೂ ಕಾಲು ತೊಳೆದವರೇ ಅಲ್ಲವೇ? ನೀವೇ ಹೇಳಿ ನೋಡೋಣ.