ಒಂದನೆಯದೋ ಎಂಟನೆಯದೋ

ಕೌಂಟರಿನಲ್ಲಿ ಮೊಹರು ಟಪ್ಪೆಂದು ಬಿತ್ತು, ಇನ್ನೊಬ್ಬರ ಅರ್ಜಿ ಮುಗಿಯಿತು, ಇವಳದಿನ್ನೂ ಮೊಣಕೈ ಕೆಳಗೇ ಇದೆ, ಫ್ಯಾನಿನ ಗಾಳಿಗೆ ಅದರ ಮೂಲೆ ಪಟಪಟ ಬಡಿದುಕೊಳ್ಳುತ್ತಿದೆ, ಟೀಚರ್ ಟ್ರೈನಿಂಗ್ ಮುಗಿಸಿದವರು ತುಂಬುವ ಕೊನೆಯ ಕಾಗದ, ಹೆಸರು ಬರೆದಾಯಿತು, ವಿಳಾಸ ಬರೆದಾಯಿತು, ಕಲಿಸಲು ಬಯಸುವ ತರಗತಿ ಎಂಬಲ್ಲಿ ಎರಡೇ ಚೌಕ, ಒಂದನೆಯದು, ಎಂಟನೆಯದು, ಯಾವುದಾದರೂ ಸರಿ ಒಂದು ಗೀಟು ಎಳೆಯುವುದಕ್ಕೆ ಬ್ರಹ್ಮವಿದ್ಯೆ ಬೇಕೇ — ಚಿಕ್ಕ ಮಕ್ಕಳಿಗೇ ನಾನು ಕಲಿಸೋದು ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವಳು ಇವಳೇ. ಅಮ್ಮನಿಗೂ ಅದೇ ಖುಷಿ, ಪುಟ್ಟ ಮಕ್ಕಳಾದ್ರೆ ಎದುರು ಮಾತಾಡಲ್ಲ ಕಣೇ, ನಿನ್ನ ಗಂಟಲಾದ್ರೂ ಉಳಿಯುತ್ತೆ. ಅಣ್ಣನ ಕುಚೋದ್ಯ ಬೇರೆ, ನಿನ್ನ ಎತ್ತರಕ್ಕೆ ಒಂದನೇ ಕ್ಲಾಸೇ ಸರಿ ಬಿಡು, ಎಂಟನೇ ಕ್ಲಾಸಿಗೆ ಹೋದ್ರೆ ನಿನ್ನನ್ನೇ ಬೆಂಚಲ್ಲಿ ಕೂರಿಸಿಬಿಡ್ತಾರೆ. ಎದುರು ಮಾತಾಡಲ್ಲ, ಹೌದಮ್ಮ, ಇವಳಿಗೆ ಭಯವಾಗುತ್ತಿರುವುದೇ ಅದಕ್ಕೆ. ಪಾಠ ಮಾಡಿ ತೋರಿಸುವ ಪರೀಕ್ಷೆಯ ದಿನ — ಬೇಡ, ಈಗ ಅದು ಬೇಡ — ಆದರೆ ನೆನಪೇನು ಕೇಳಿಕೊಂಡು ಬರುತ್ತದೆಯೇ, ಒಂದನೇ ತರಗತಿಯ ಆ ಕೋಣೆ, ಸೀಮೆಸುಣ್ಣದ ಪುಡಿಯ ವಾಸನೆ, ಅಂಕ ಹಾಕಲು ಹಿಂದಿನ ಬೆಂಚಿನಲ್ಲಿ ಮುದುಡಿ ಕೂತ ಮೇಷ್ಟ್ರು, ಅವರು ಬರುವ ಮುಂಚೆಯೇ ಇವಳು ಮಕ್ಕಳಿಗೆ ಹೇಳಿಕೊಟ್ಟಿದ್ದ ಉಪಾಯ. ಹಿಂದಿನ ಬ್ಯಾಚಿನವರೆಲ್ಲ ಮಾಡಿಕೊಂಡು ಬಂದದ್ದೇ, ಇವಳೇನೂ ಕಂಡುಹಿಡಿದದ್ದಲ್ಲ. ನೋಡಿ ಮಕ್ಕಳಾ, ಉತ್ತರ ಗೊತ್ತಿದ್ರೆ ಬಲಗೈ ಎತ್ತಿ, ಗೊತ್ತಿಲ್ದಿದ್ರೆ ಎಡಗೈ, ಎಲ್ರೂ ಎತ್ತಬೇಕು, ಎಡಗೈ ಎತ್ತಿದವರನ್ನ ನಾನು ಏನೂ ಕೇಳಲ್ಲ, ಆಯ್ತಾ. ಕೇಳಲಿಲ್ಲ. ಪ್ರಶ್ನೆ ಬಾಯಿಂದ ಬಿದ್ದದ್ದೇ ತಡ ಕೋಣೆಯ ಕೈಗಳೆಲ್ಲ ಮೇಲೆ, ಮೇಷ್ಟ್ರು ತಲೆದೂಗಿ ತಲೆದೂಗಿ ಬರೆದುಕೊಳ್ಳುತ್ತಿದ್ದಾರೆ, ಇವಳಿಗೆ ಹಿಗ್ಗೋ ಹಿಗ್ಗು, ಎರಡನೇ ಸಾಲಿನ ಎರಡು ಜಡೆಯ ಹುಡುಗಿ ಮಾತ್ರ ಪ್ರಶ್ನೆ ಮುಗಿದರೂ ಎಡಗೈ ಇಳಿಸುತ್ತಿಲ್ಲ, ಇದೆಂಥ ಹಟ ಎಂದು ಕಣ್ಣಲ್ಲೇ ಗದರಿದಳು, ಕೈ ಸೋತು ವಾಲಿತು, ಹುಡುಗಿ ಬಲಗೈಯಿಂದ ಅದರ ಮೊಣಕೈಯನ್ನು ಎತ್ತಿ ಹಿಡಿದುಕೊಂಡಳು, ತುಟಿ ಕಚ್ಚಿದಳು, ಇವಳು ಬೋರ್ಡಿನ ಕಡೆ ತಿರುಗಿದಳು. ನಲವತ್ತು ನಿಮಿಷ. ಬೆಂಚಿನಡಿಯ ನೆಲ ಒದ್ದೆಯಾದದ್ದು ಗಂಟೆ ಹೊಡೆದ ಮೇಲೆ ಕಂಡಿತು. ಒಂದಕ್ಕೆ ಹೋಗಬೇಕು ಎಂದು ಹೇಳಲು ಆ ಮಗುವಿಗೆ ಇವಳು ಯಾವ ಕೈಯನ್ನೂ ಉಳಿಸಿರಲಿಲ್ಲ.

ತೊಂಬತ್ತೆರಡು ಅಂಕ, ಎಲ್ಲರಿಗಿಂತ ಹೆಚ್ಚು, ಮಕ್ಕಳೆಲ್ಲ ಎಷ್ಟು ಚುರುಕಾಗಿದ್ದಾರಮ್ಮ ಎಂದು ಮೇಷ್ಟ್ರು ಹೊಗಳಿದ್ದೇ ಹೊಗಳಿದ್ದು. ಈಗಲೂ ನಾಚಿಕೆಯಾಗುತ್ತದೆ. ಎಂಟನೆಯದಕ್ಕೇ ಹಾಕಿಬಿಡೋಣ, ಅವರು ದೊಡ್ಡವರು, ಹೇಳದೆ ಕೇಳದೆ ಎದ್ದು ಹೋಗುತ್ತಾರೆ, ತಿರುಗಿ ಬೈಯುತ್ತಾರೆ, ಬೈಯಲಿ, ಬೈಸಿಕೊಂಡು ನೆಮ್ಮದಿಯಾಗಿ ಇರಬಹುದು, ಏನಮ್ಮಾ, ಬರೀತೀರೋ ಇಲ್ವೋ, ಕೌಂಟರ್ ಮುಚ್ಚಬೇಕು ಎನ್ನುತ್ತಿದ್ದಾಳೆ ಮೊಹರಿನ ಗುಮಾಸ್ತೆ, ಬಂದೆ ಮೇಡಂ, ಒಂದ್ನಿಮಿಷ, ಪೆನ್ನು ಎಂಟರ ಚೌಕಕ್ಕೆ ತಾಗಿತು, ಅರ್ಧ ಗೀಟು ಬಿತ್ತು, ಆದರೆ ಅವತ್ತು ಮಿಕ್ಕವರೆಲ್ಲ ಹೊರಗೆ ಓಡಿದ ಮೇಲೆ ಆ ಹುಡುಗಿ ಅಳಲೂ ಇಲ್ಲ, ಒದ್ದೆ ಬಟ್ಟೆಯಲ್ಲೇ ಎದ್ದು ನಿಂತಳು, ಎಡಗೈ ಮೇಲೆಯೇ, ಬಲಗೈ ಮೊಣಕೈಗೆ, ಟೀಚರ್, ನಾನು ಸರಿಯಾಗಿ ಎತ್ತಿದ್ನಾ, ಈಗ ಇಳಿಸ್ಲಾ — ಇವಳು ಕೇಳಿಸದವಳಂತೆ ಮೇಷ್ಟ್ರ ಹಿಂದೆ ಓಡಿದ್ದಳು, ಎಷ್ಟು ಅಂಕ ಸರ್, ಎಷ್ಟು ಅಂಕ, ಇಳಿಸು ಪುಟ್ಟಿ ಎಂದು ಹೇಳಲೇ ಇಲ್ಲ, ಯಾರೂ ಹೇಳಿಲ್ಲ, ಆ ಖಾಲಿ ಕೋಣೆಯಲ್ಲಿ ಕೈ ಇನ್ನೂ ಮೇಲೆಯೇ ಇದೆ