ತೋಳಿನ ಲೇಸು

ನಾನು ಇಪ್ಪತ್ತೆರಡು ವರ್ಷ ದೊಡ್ಡ ಮನೆತನದ ಹೆಂಗಸರ ಕೈ ಬರೆದೆ. ಬಟ್ಟೆ ಹಿಂಡದ ಕೈ, ಪಾತ್ರೆ ತಿಕ್ಕದ ಕೈ, ಬೀಸಣಿಗೆ ಹಿಡಿದೇ ಸುಸ್ತಾದ ಕೈ. ಅವರೆಲ್ಲ ಮುನ್ನೂರು ವರ್ಷದ ಹಿಂದೆಯೇ ಸತ್ತವರು. ಅವರ ಹಳೆಯ ಚಿತ್ರಗಳ ಅಚ್ಚು ನೋಡಿಕೊಂಡು ನಾವು ಮತ್ತೆ ಕ್ಯಾನ್ವಾಸಿನ ಮೇಲೆ ಬರೆಯಬೇಕು. ಯುರೋಪಿನ ಆ ಕಾಲದ ಚಿತ್ರಶೈಲಿಗೆ 'ಬರೋಕ್' ಎಂದು ಅಂಗಡಿಯ ಧಣಿ ಬಾಯಿ ತುಂಬ ಹೇಳುತ್ತಿದ್ದ. ಹೊಟ್ಟೆ ತುಂಬಿದವನಿಗೆ ಯಾವ ಮಾತಾದರೂ ಬಾಯಿ ತುಂಬುತ್ತದೆ.

ಕೆಲಸದ ಕೋಣೆ ಅಂಗಡಿಯ ಹಿಂದೆ. ಇದ್ದದ್ದು ಒಂದು ಕಿಟಕಿ, ಅದೂ ಮುಚ್ಚಿದ್ದು. ತೆರೆದರೆ ಹಸಿ ಬಣ್ಣದ ಮೇಲೆ ಧೂಳು ಕೂರುತ್ತದಂತೆ. ನಮ್ಮ ಎದೆಯೊಳಗೆ ಟರ್ಪೆಂಟೈನ್ ಘಾಟು ಕೂತರೆ ಅಡ್ಡಿಯಿಲ್ಲ. ಹಿನ್ನೆಲೆಗೆ ಕಪ್ಪು ಬಳಿಯುವ ಮುದುಕ ಮೊದಲು, ಆಮೇಲೆ ಮುಖ ಬರೆಯುವ ಅಣ್ಣ, ಕೈಗೆ ನಾನು, ತೋಳಿನ ಅಂಚಿನ ಜಾಲರಿ ಲೇಸಿಗೆ ನನ್ನ ನಾದಿನಿ, ಕೊನೆಗೆ ಮುತ್ತಿನ ಸರಕ್ಕೆ ಒಬ್ಬ ಬಸುರಿ. ಒಬ್ಬರ ಭಾಗವನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಪೂರ್ತಿ ಹೆಂಗಸನ್ನು ಬರೆಯಲು ಕಲಿತವರು ನಾಳೆ ಎದುರಿಗೇ ಅಂಗಡಿ ಹಾಕುತ್ತಾರೆಂದು ಧಣಿಯ ಭಯ.

ಮುಂದಿನ ಕೋಣೆಯಲ್ಲಿ ಗಡ್ಡದಯ್ಯ ಕೂರುತ್ತಿದ್ದ. ಮೊದಲು ಬಟ್ಟೆ ಅಂಗಡಿಯಲ್ಲಿ ಅಳತೆ ಹಿಡಿಯುತ್ತಿದ್ದವನು. ಗಡ್ಡ ನೋಡಿ ಧಣಿ ಕರೆತಂದಿದ್ದ. ಗಿರಾಕಿ ಬಂದಾಗ ಒಣ ಬ್ರಷ್ ಹಿಡಿದು, ಮುಗಿದ ಚಿತ್ರದ ಮುಂದೆ ಕಣ್ಣು ಕಿರಿದು ಮಾಡಿ ಕೂತರೆ ಅವನು ಮಹಾ ಕಲಾವಿದ.

ಕೆಲಸಕ್ಕೆ ಸೇರಿದ ಹನ್ನೆರಡನೆಯ ವರ್ಷ ನಾದಿನಿಯ ಕಣ್ಣು ಮಂಜಾಗತೊಡಗಿತು. ಒಂದು ತೋಳಿನ ಲೇಸಿಗೆ ಸಾವಿರ ತೂತು, ಒಂದೊಂದಕ್ಕೂ ಮೂರು ಕೂದಲಿನ ಬ್ರಷ್ಷು.

"ಧಣಿ, ನನ್ನನ್ನ ಕಪ್ಪು ಬಳಿಯೋಕೆ ಹಾಕಿ. ಇನ್ನೊಂದು ವರ್ಷ ಇದೇ ಮಾಡಿದ್ರೆ ಮಕ್ಕಳ ಮುಖಾನೂ ಕಾಣಲ್ಲ."

"ಹೆತ್ತೋಳಿಗೆ ಮುಖ ನೋಡೋದ್ಯಾಕೆ, ದನಿ ಸಾಲ್ದಾ?" ಎಂದು ನಕ್ಕ ಧಣಿ.

ಒಂದು ಬೆಳಿಗ್ಗೆ ಸಿರಿವಂತ ಹೆಂಗಸೊಬ್ಬರು ಬಂದರು. ಹಲಗೆ ಗೋಡೆಯ ಈಚೆ ನಮಗೆ ಎಲ್ಲ ಕೇಳುತ್ತಿತ್ತು.

"ಈ ತೋಳಿನ ಲೇಸು ಸೊಟ್ಟಗಿದೆಯಲ್ಲ?"

"ಗಾಳಿಗೆ ಹಾಗಾಗಿದೆ, ಅಮ್ಮಾವ್ರೇ," ಎಂದ ಗಡ್ಡದಯ್ಯ.

"ಚಿತ್ರದೊಳಗೆ ಎಲ್ಲಿಯ ಗಾಳಿ? ಈಗಲೇ ಸರಿ ಮಾಡಿಕೊಡಿ."

"ಗುರುಗಳು ಏಕಾಂತದಲ್ಲೇ ಬರೆಯೋದು," ಎಂದು ಸುಳ್ಳು ಹೇಳಿ ಧಣಿ ಚಿತ್ರ ಹೊತ್ತು, ಗಡ್ಡದಯ್ಯನನ್ನೂ ಎಳೆದುಕೊಂಡು ಒಳಗೆ ನುಗ್ಗಿದ. ಚಿತ್ರವನ್ನು ನಾದಿನಿಯ ಮುಂದೆ ಕುಕ್ಕಿದ. "ಹತ್ತು ನಿಮಿಷದಲ್ಲಿ ನೆಟ್ಟಗಾಗ್ಬೇಕು. ಇಲ್ದಿದ್ರೆ ನಾಳೆಯಿಂದ ಬರ್ಬೇಡ."

ಅವಳು ಮೂಗು ತಾಗುವಷ್ಟು ಬಗ್ಗಿದಳು. "ಎಲ್ಲಿ ಸೊಟ್ಟಗಿದೆ ಅಂತಾನೇ ಕಾಣ್ತಿಲ್ಲ, ಅತ್ತಿಗೆ," ಎಂದಳು ನನಗೆ.

ಧಣಿ ನನ್ನ ಕಡೆ ತಿರುಗಿದ. "ಹಾಗಾದ್ರೆ ನೀನು ಮಾಡು."

ನನಗೆ ಬರುತ್ತಿತ್ತು. ಪಕ್ಕದಲ್ಲೇ ಕೂತು ನೋಡಿದವಳಿಗೆ ಬರದೆ ಏನು? ಆದರೆ ನಾನು ಸರಿ ಮಾಡಿಕೊಟ್ಟರೆ ಅವಳ ಅನ್ನ ಅಲ್ಲಿಗೆ ತೀರಿತು.

"ನಂಗೆ ಕೈ ಅಷ್ಟೇ ಗೊತ್ತು. ಬೇರೆಯವರದ್ದು ಮುಟ್ಟಬಾರ್ದು ಅಂತ ನೀವೇ ಹೇಳಿದ್ರಲ್ಲ."

"ನಂಗೆ ಮುಖ," ಎಂದ ಅಣ್ಣ.

"ನಂಗೆ ಮುತ್ತು. ಗುರುಗಳೇ ಇದ್ದಾರಲ್ಲ, ಅವರೇ ಬರೀಲಿ!" ಎಂದಳು ಬಸುರಿ.

ಗಡ್ಡದಯ್ಯ ಹಾವಿನ ಬಾಲ ಹಿಡಿದವನಂತೆ ಬ್ರಷ್ ಹಿಡಿದು ನಿಂತಿದ್ದ.

ನಾದಿನಿ ಎದ್ದಳು. ಗೋಡೆ ತಡವಿಕೊಂಡು ಮುಂದಿನ ಕೋಣೆಗೆ ನಡೆದಳು.

"ಯಾರಮ್ಮ ನೀನು?" ಎಂದರು ಸಿರಿವಂತೆ.

"ಆ ತೋಳು ಬರೆದೋಳು ನಾನು, ಅಮ್ಮಾವ್ರೇ. ಹನ್ನೆರಡು ವರ್ಷ ಇದನ್ನೇ ಬರೆದು ಕಣ್ಣು ಹೋಗ್ತಿದೆ. ಅದಕ್ಕೇ ಸೊಟ್ಟ."

ನಾನೂ ಹೋಗಿ ಅವಳ ಪಕ್ಕ ನಿಂತೆ. "ಕೈ ಬರೆದೋಳು ನಾನು." ಮುಖದ ಅಣ್ಣ ಬಂದ. ಮುತ್ತಿನವಳು ಬಂದಳು. ಕೊನೆಗೆ ಮುದುಕ ಕೆಮ್ಮುತ್ತ ಬಂದ.

ಆಕೆ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಮೂಗಿಗೆ ಕರವಸ್ತ್ರ ಹಿಡಿದರು. "ಅಯ್ಯೋ, ಇಷ್ಟೊಂದು ಜನ ಮುಟ್ಟಿದ್ದಾ?" ಎಂದು ಹೊರಟೇಹೋದರು.

"ಒಳಗೆ ನಡೀರಿ ಎಲ್ರೂ!" ಧಣಿ ಕಿರುಚಿದ.

ಯಾರೂ ಅಲುಗಲಿಲ್ಲ.

"ಇವಳನ್ನ ನನ್ನ ಜತೆ ಹಾಕಿ, ಆಮೇಲೆ ನಡೀತೀವಿ," ಎಂದ ಮುದುಕ. "ಇಬ್ಬರಿಗೆ ಆಗೋಷ್ಟು ಕಪ್ಪು ಈ ಚಿತ್ರಗಳಲ್ಲಿದೆ."

"ಇಲ್ಲ ಅಂದ್ರೆ?"

ನಾದಿನಿ ಗಿರಾಕಿಗಳ ಮೆತ್ತನೆಯ ಕುರ್ಚಿಯನ್ನು ತಡವಿ ನೋಡಿ, ಆರಾಮವಾಗಿ ಕೂತಳು.

"ಇಲ್ಲ ಅಂದ್ರೆ ನೀವೇ ಒಳಗೆ ನಡೀರಿ, ಕೂತು ಬರೀರಿ, ಧಣಿ. ಬಣ್ಣ ಇನ್ನೂ ಹಸಿಯಾಗೇ ಇದೆ."