ಬೀಗದ ಕೈ ಎಲ್ಲಿದೆ ಅಂತ ಕೇಳಬೇಡಿ

ವಾಸಂತಿಯ ಮನೆಯಲ್ಲಿ ಯಾರ ವಸ್ತುವೂ ಯಾರದೂ ಅಲ್ಲ. ಗಂಡ ತ್ಯಾಗರಾಜನ ಚಾರ್ಜರ್ ಮಗಳು ಅಕ್ಷಯಾಳ ಬ್ಯಾಗಿನಲ್ಲಿ, ಅಕ್ಷಯಾಳ ಸ್ವೆಟರ್ ವಾಸಂತಿಯ ಮೈಮೇಲೆ, ವಾಸಂತಿಯ ಕನ್ನಡಕ ತ್ಯಾಗರಾಜನ ಮೂಗಿನ ಮೇಲೆ. ಮೈಸೂರು ಬಿಟ್ಟು ನೆದರ್ಲೆಂಡ್ಸಿನ ಎನ್ಸ್‌ಕೆಡೆ ಊರಿಗೆ ಬಂದು ಐದು ವರ್ಷವಾಗಿದ್ದರೂ ಈ ಪದ್ಧತಿ ಒಂದಿಷ್ಟೂ ಕೆಟ್ಟಿರಲಿಲ್ಲ. ಹಾಗೆ ನೋಡಿದರೆ ಸುಖವಾಗಿಯೇ ಇದ್ದರು ಅನ್ನಿ. ಫಜೀತಿ ಶುರುವಾದದ್ದು ವಾಸಂತಿ ಬಂದೂಕಿಗೆ ಅರ್ಜಿ ಹಾಕಿದ ಮೇಲೆ.

ಬಂದೂಕು ಅಂದ ತಕ್ಷಣ ಹುಬ್ಬೇರಿಸಬೇಡಿ. ನಲವತ್ತಾರು ವರ್ಷದ ವಾಸಂತಿ ಬಚ್ಚಲುಮನೆಯ ಜೇಡವನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಹೊರಗೆ ಬಿಡುವ ಹೆಂಗಸು. ಆದದ್ದಿಷ್ಟೆ. ಅಕ್ಷಯಾಳನ್ನು ಈಜಿನ ಕ್ಲಾಸಿಗೆ ಬಿಟ್ಟು ಒಂದು ಗಂಟೆ ಕಾಯಬೇಕಿತ್ತು. ಪಕ್ಕದಲ್ಲೇ ಒಂದು ಶೂಟಿಂಗ್ ಕ್ಲಬ್ಬು. ಒಂದು ಶನಿವಾರ ಅಲ್ಲಿ ಯಾರು ಬೇಕಾದರೂ ಬಂದು ನೋಡಬಹುದು ಅಂತ ಬೋರ್ಡು ಹಾಕಿದ್ದರು. ಹೊರಗೆ ಚಳಿ, ಒಳಗೆ ಕಾಫಿ. ಹೋದಳು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾಗ ರೈಫಲ್ ಹಿಡಿದು ಒಂದು ಮೆಡಲ್ ಗೆದ್ದಿದ್ದಳು. ಮದುವೆಯಾದ ಮೇಲೆ ಆ ಮೆಡಲ್ ಯಾವ ಗಂಟಿನಲ್ಲಿ ಸೇರಿಕೊಂಡಿತೋ ದೇವರೇ ಬಲ್ಲ. ಆವತ್ತು ಹತ್ತು ಗುಂಡು ಹಾರಿಸಿದಳು. ಕ್ಲಬ್ಬಿನ ಮುದುಕ ಗುರಿಯ ಕಾಗದ ತಂದು ನೋಡಿ, ಕಾಫಿ ಕುಡಿಯುತ್ತಿದ್ದ ಉಳಿದ ಮುದುಕರನ್ನೆಲ್ಲ ಕರೆದು ತೋರಿಸಿದ. ಎಂಟು ತೂತು ನಡುವಿನ ಕಪ್ಪು ವೃತ್ತದಲ್ಲಿದ್ದವು. ವಾಸಂತಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಒಂದು ವರ್ಷ ಕ್ಲಬ್ಬಿನ ರೈಫಲ್‌ನಲ್ಲೇ ಆಡಿದಳು. ಆಮೇಲೆ ಹೆಂಗಸರ ನಾಲ್ವರ ತಂಡಕ್ಕೆ ಅವಳ ಹೆಸರು ಬಂತು. ಮೇ ತಿಂಗಳಲ್ಲಿ ಪಂದ್ಯ, ಗಡಿಯಾಚೆ ಜರ್ಮನಿಯ ಗ್ರೋನೌನಲ್ಲಿ. ಕ್ಲಬ್ಬಿನ ರೈಫಲ್ ಗಡಿ ದಾಟುವ ಹಾಗಿರಲಿಲ್ಲ. ಆಡಬೇಕೆಂದರೆ ಸ್ವಂತ ರೈಫಲ್ ಬೇಕು, ಸ್ವಂತ ರೈಫಲ್ ಬೇಕೆಂದರೆ ಪೊಲೀಸರು ಕೊಡುವ ಫೆರ್ಲೊಫ್ ಎಂಬ ಪರವಾನಗಿ ಬೇಕು. ಇದೇ ದೇಶದಲ್ಲಿ ಹುಟ್ಟಿದವರಿಗೇ ಅದು ಸಲೀಸಾಗಿ ಸಿಗುವುದಿಲ್ಲ. ವಾಸದ ಕಾರ್ಡು ಹಿಡಿದು ಬಂದ ಪರದೇಶದ ಹೆಂಗಸಿಗೆ ಕೇಳಬೇಕೆ! ಇಲ್ಲಿಯ ನಡತೆಗೊಂದು ಸರ್ಟಿಫಿಕೇಟು, ಹುಟ್ಟಿದೂರಿನ ನಡತೆಗೆ ಇನ್ನೊಂದು. ನೀವು ಒಳ್ಳೆಯವರೆಂದು ಹೇಳಲು ಮೂರು ಜನ. ಸಿಟ್ಟು ಬರುತ್ತದೆಯೇ, ಬಂದರೆ ಎಷ್ಟು ಬರುತ್ತದೆ ಎಂದು ಕೆದಕಿ ಕೆದಕಿ ಕೇಳುವ ಕಂಪ್ಯೂಟರ್ ಪರೀಕ್ಷೆ. ಊರಿನಲ್ಲಿ ಠಾಣೆಗೆ ಅಲೆದ ತಮ್ಮ ಆದಿತ್ಯ ಫೋನ್ ಮಾಡಿ, “ಅಕ್ಕಾ, ಅವ್ರು ಕೇಳ್ತಿದಾರೆ, ನಿಮ್ಮಕ್ಕಂಗೆ ಅಲ್ಲಿ ಯಾರಿಂದ ಥ್ರೆಟ್ ಇದೆ ಅಂತ. ಏನ್ ಹೇಳ್ಲಿ?” ಅಂದ.

“ಯಾರಿಂದ್ಲೂ ಇಲ್ಲ, ಆಟಕ್ಕೆ ಅಂತ ಹೇಳೋ.”

“ಹೇಳ್ದೆ. ಈ ವಯಸ್ಸಲ್ಲಿ ಎಂಥಾ ಆಟ ಅಂದ್ರು.”

ಅಂತೂ ಕಾಗದವೆಲ್ಲ ಕೂಡಿಬಂತು. ರೈಫಲ್ ಇಡಲು ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಬೀರು ಇರಬೇಕು ಅನ್ನುವುದು ನಿಯಮ. ಜನವರಿಯಲ್ಲಿ ಬೀರು ಬಂತು. ತ್ಯಾಗರಾಜ ಒಂದು ಭಾನುವಾರವಿಡೀ ಗೋಡೆ ಕೊರೆದು, ಪಕ್ಕದ ಮನೆಯವರಿಂದ ಎರಡು ಸಲ ಬೈಸಿಕೊಂಡು, ಅದನ್ನು ಮಲಗುವ ಕೋಣೆಯಲ್ಲಿ ನಿಲ್ಲಿಸಿದ. ಫೆಬ್ರವರಿಯಲ್ಲಿ ಅತ್ತೆ ವತ್ಸಲಮ್ಮ ಮೂರು ತಿಂಗಳಿಗೆಂದು ಬಂದರು.

ವತ್ಸಲಮ್ಮನಿಗೆ ಎಪ್ಪತ್ತೆರಡು. ಸುಳ್ಳು ಹೇಳಿ ಗೊತ್ತಿಲ್ಲದ ಜೀವ. ವಿಮಾನ ನಿಲ್ದಾಣದಲ್ಲಿ ಯಾರೂ ಕೇಳದಿದ್ದರೂ ತಾವಾಗಿಯೇ ಅಧಿಕಾರಿಯನ್ನು ತಡೆದು ನಿಲ್ಲಿಸಿ, ಚೀಲದಲ್ಲಿ ಮೂರು ಬಾಟಲಿ ಉಪ್ಪಿನಕಾಯಿ ಇದೆ ಎಂದು ಒಪ್ಪಿಸಿ ಬಂದವರು. ಬೀರುವನ್ನು ನೋಡಿದ ಕೂಡಲೇ ಅವರ ಮುಖ ಅರಳಿತು. “ಅಬ್ಬಾ, ಎಂಥಾ ಗಟ್ಟಿ ಬೀರು ಕಣೋ ತ್ಯಾಗು! ಇದನ್ನ ಖಾಲಿ ಯಾಕ್ ಬಿಟ್ಟಿದೀರಾ?” ಎಂದು ಅವತ್ತೇ ತಮ್ಮ ಬಳೆ, ಸರ, ಬೆಳ್ಳಿಯ ಕುಂಕುಮದ ಭರಣಿ, ಪಾಸ್‌ಪೋರ್ಟು, ಬಿಪಿ ಮಾತ್ರೆ ಎಲ್ಲ ಅದರೊಳಗೆ ಜೋಡಿಸಿದರು. ತ್ಯಾಗರಾಜ ಮನೆಪತ್ರ ತಂದಿಟ್ಟ. ಅಕ್ಷಯಾಳ ಕೈಗೆ ಸಿಗದಿರಲಿ ಎಂದು ಚಕ್ಕುಲಿ ಡಬ್ಬವೂ ಒಳಗೆ ಹೋಯಿತು. ಬೀಗದ ಕೈ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ತೂಗಾಡಿತು. ಅಕ್ಷಯಾ ದಿನಾ ಸಂಜೆ ಅದನ್ನು ತೆಗೆದುಕೊಂಡು ಹೋಗಿ ಚಕ್ಕುಲಿ ತಿನ್ನುತ್ತಿದ್ದಳು. ವಾಸಂತಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಮಾರ್ಚಿನಲ್ಲಿ ಪೊಲೀಸರ ಪತ್ರ ಬಂತು. ಮುಂದಿನ ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ಮನೆಗೆ ಬಂದು ಬೀರು ಪರೀಕ್ಷಿಸುತ್ತೇವೆ. ಬೀರುವಿನಲ್ಲಿ ಬೇರೇನೂ ಇರಕೂಡದು. ಬೀಗದ ಕೈ ಅರ್ಜಿದಾರರೊಬ್ಬರ ವಶದಲ್ಲಿರಬೇಕು, ಅದನ್ನು ಎಲ್ಲಿಟ್ಟಿದ್ದಾರೆಂದು ಮನೆಯ ಬೇರಾರಿಗೂ ಗೊತ್ತಿರಕೂಡದು. ವಾಸಂತಿ ಕ್ಲಬ್ಬಿಗೆ ಫೋನ್ ಮಾಡಿ ಕೇಳಿದಳು. ಈ ಭೇಟಿಯಲ್ಲಿ ತಪ್ಪಿದರೆ ಮತ್ತೆ ಮೊದಲಿಂದ ಅರ್ಜಿ, ಗ್ರೋನೌ ಆಸೆ ಬಿಡಿ ಎಂದರು.

ಅವತ್ತು ಮನೆಯಲ್ಲಿ ರಾಮಾಯಣ. ಒಡವೆ, ಪತ್ರ, ಚಕ್ಕುಲಿ ಎಲ್ಲ ಹೊರಗೆ ಬಂದವು. ವತ್ಸಲಮ್ಮ ಒಡವೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತರು. “ಅಲ್ವೇ, ನಾನೇನು ಕಳ್ಳೀನಾ? ನನ್ನಿಂದ ಮುಚ್ಚಿಡೋವಂಥದ್ದು ಏನಿದೆ ಈ ಮನೇಲಿ?”

“ನಿಮ್ಮಿಂದ ಅಂತಲ್ಲ ಅತ್ತೆ, ರೂಲ್ಸು. ಇವರಿಗೂ ಹೇಳೋ ಹಾಗಿಲ್ಲ.”

“ನಂಗೂನಾ?” ತ್ಯಾಗರಾಜ ತಟ್ಟೆಯಿಂದ ತಲೆಯೆತ್ತಿದ. “ಗೋಡೆ ಡ್ರಿಲ್ ಮಾಡಿದ್ದು ಯಾರು?”

“ಕೂಲ್,” ಅಂದಳು ಅಕ್ಷಯಾ. “ಮಾಮ್ ಹ್ಯಾಸ್ ಎ ಸೀಕ್ರೆಟ್.”

ಹೇಳುವುದು ಸುಲಭ. ಬಚ್ಚಿಡುವುದೆಲ್ಲಿ? ಮೊದಲ ದಿನ ತೊಗರಿಬೇಳೆ ಡಬ್ಬದ ತಳದಲ್ಲಿ ಹೂತಿಟ್ಟಳು. ಹನ್ನೊಂದು ಗಂಟೆಗೆ ಹುಳಿಗೆ ಬೇಳೆ ತೆಗೆಯಲು ಹೋದ ವತ್ಸಲಮ್ಮ, “ಇದ್ಯಾಕೆ ಇಲ್ಲಿ ಬಿತ್ತು?” ಎಂದು ತೊಳೆದು ಒರೆಸಿ ತಂದುಕೊಟ್ಟರು. ಎರಡನೇ ದಿನ ತನ್ನ ಕೋಟಿನ ಒಳಜೇಬಿನಲ್ಲಿ. ಬಸ್ಸಿನ ಕಾರ್ಡು ಹುಡುಕುತ್ತ ತ್ಯಾಗರಾಜ ಅಲ್ಲಿಗೂ ಕೈಹಾಕಿದ. ಆ ಸಂಜೆ ರವಿಕೆಗಳ ಮಧ್ಯೆ ಇಟ್ಟರೆ, ಸ್ಕೂಲಿನ ಫಂಕ್ಷನ್ನಿಗೆ ದುಪಟ್ಟಾ ಬೇಕೆಂದು ಅಕ್ಷಯಾ ಕಪಾಟನ್ನೇ ತಲೆಕೆಳಗು ಮಾಡಿದಳು.

ವಾಸಂತಿ ಮಂಚದ ಮೇಲೆ ಕೂತು ಕೈಯಲ್ಲಿದ್ದ ಕೀ ನೋಡಿದಳು. ಹೆಬ್ಬೆರಳಷ್ಟು ಉದ್ದ. ಇಡೀ ಮನೆ ನನ್ನದೇ ಎಂದು ಇಪ್ಪತ್ತೊಂದು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ, ಇಷ್ಟನ್ನು ಇಡಲು ನನ್ನದು ಅನ್ನುವ ಒಂದು ಮೂಲೆಯಿಲ್ಲವಲ್ಲ ಅನ್ನಿಸಿತು. ಯಾರೂ ಅವಳಿಗೆ ಕೆಟ್ಟದ್ದು ಮಾಡಿರಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಎಲ್ಲ ಕಡೆ ಕೈಯಾಡಿಸುತ್ತಿದ್ದರು. ಆದರೂ ಅಳು ಬಂತು. ಸ್ವಲ್ಪ ಹೊತ್ತು ಅತ್ತು, ಮುಖ ತೊಳೆದುಕೊಂಡಳು.

ಮಾರನೆಯ ದಿನ, ಗುರುವಾರ, ಜಾಗ ಹೊಳೆಯಿತು. ಎಲ್ಲಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಇದನ್ನು ಓದುವ ತ್ಯಾಗರಾಜನಿಗೂ ಗೊತ್ತಾಗಿಬಿಡುತ್ತದೆ.

ಶುಕ್ರವಾರ ಯಾರಿಗೂ ಸಿಗಲಿಲ್ಲ. ಶನಿವಾರವೂ ಸಿಗಲಿಲ್ಲ. ವಾಸಂತಿಗೆ ಏನೋ ಒಂಥರಾ ಹಿಗ್ಗು. ಎಲ್ಲರಿಗೂ ಅನ್ನ ಬಡಿಸುತ್ತ, ನಿಮಗೆ ಯಾರಿಗೂ ಗೊತ್ತಿಲ್ಲದ್ದು ನನಗೊಂದು ಗೊತ್ತು ಎಂದು ಒಳಗೊಳಗೇ ನಗುತ್ತಿದ್ದಳು. ಸೈಕಲ್ ತುಳಿಯುವಾಗ ಯಾವುದೋ ಹಳೆಯ ಹಾಡು ಬಾಯಿಗೆ ಬಂತು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸುಖವೇ ಎಂದು ಅವಳಿಗೇ ಸೋಜಿಗ.

ಸೋಮವಾರ ಬೆಳಿಗ್ಗೆ ಆ ಸುಖಕ್ಕೆ ಕಲ್ಲು ಬಿತ್ತು. ಅಡುಗೆಮನೆಯ ಡಬ್ಬಗಳು ಜಾಗ ಬದಲಿಸಿದ್ದವು. ಗೋಧಿಹಿಟ್ಟಿನ ಡಬ್ಬದ ಸುತ್ತ ಬಿಳಿ ಪುಡಿ. ಹಾಸಿಗೆಯ ಹೊದಿಕೆ ಯಾರೋ ಎತ್ತಿ ಮತ್ತೆ ಸಿಕ್ಕಿಸಿದಂತಿತ್ತು. ಹಗಲಿಡೀ ಮನೆಯಲ್ಲಿರುವವರು ಒಬ್ಬರೇ. ಅತ್ತೆ ಹುಡುಕುತ್ತಿದ್ದಾರೆ! ಸಿಕ್ಕಿತೋ ಇಲ್ಲವೋ? ಕೇಳುವುದು ಹೇಗೆ? ಜಾಗ ಬದಲಿಸೋಣವೆಂದರೆ ಬೇರೆ ಜಾಗವೇ ಇಲ್ಲ. ವತ್ಸಲಮ್ಮ ಮಾತ್ರ ಏನೂ ಆಗದವರಂತೆ ಸೋರೆಕಾಯಿ ಹೆಚ್ಚುತ್ತ ಕೂತಿದ್ದರು. ಅವರಿಗೆ ಸಿಕ್ಕಿದ್ದರೆ ನಾಳೆ ಪೊಲೀಸರ ಮುಂದೆ ನಿಜವನ್ನೇ ಹೇಳುತ್ತಾರೆ. ಉಪ್ಪಿನಕಾಯಿಯನ್ನೇ ಬಚ್ಚಿಡದ ಹೆಂಗಸು ಇದನ್ನು ಬಚ್ಚಿಡುತ್ತಾರೆಯೇ?

ಮಂಗಳವಾರ ನಾಲ್ಕು ಹೊಡೆಯುವುದಕ್ಕೆ ಸರಿಯಾಗಿ ಬೆಲ್ ಆಯಿತು. ಬಂದವರು ಮಾರ್ಲೂಸ್ ಎಂಬ ಅಧಿಕಾರಿ, ಐವತ್ತು ದಾಟಿದ ಎತ್ತರದ ಹೆಂಗಸು. ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಕೈಯಲ್ಲಿ ಫೈಲು. ಬೀರುವನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದರು. ಅಲ್ಲಾಡಲಿಲ್ಲ. ತ್ಯಾಗರಾಜ ಎದೆಯುಬ್ಬಿಸಿ ನಿಂತ.

“ಈಗ ಕೀ ತನ್ನಿ. ನಾವೆಲ್ಲ ಹಾಲಿನಲ್ಲಿ ಕಾಯುತ್ತೇವೆ. ನಾನೂ ನೋಡುವುದಿಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿ, ಎಲ್ಲರನ್ನೂ ಹೊರಡಿಸಿಕೊಂಡು ಹೋದರು.

ಕೀ ಇಟ್ಟಲ್ಲೇ ಇತ್ತು. ಬೀರು ತೆರೆದು ತೋರಿಸಿದ್ದಾಯಿತು. ಖಾಲಿ. ಮಾರ್ಲೂಸ್ ತಲೆಯಾಡಿಸಿ ಬರೆದುಕೊಂಡು, ಹಾಲಿನ ಸೋಫಾದಲ್ಲಿ ಕೂತು, ಮನೆಯವರನ್ನು ಒಬ್ಬೊಬ್ಬರಾಗಿ ಕೇಳತೊಡಗಿದರು. ಕೀ ಎಲ್ಲಿರುತ್ತದೆಂದು ನಿಮಗೆ ಗೊತ್ತೆ?

“ಇಲ್ಲ,” ಅಂದ ತ್ಯಾಗರಾಜ, ಸ್ವಲ್ಪ ಬೇಜಾರಿನಲ್ಲೇ.

“ನೇ,” ಅಂದಳು ಅಕ್ಷಯಾ, ಇಲ್ಲ ಎನ್ನುವುದಕ್ಕೆ ಇಲ್ಲಿಯ ಮಾತಿನಲ್ಲಿ.

“ಅಜ್ಜಿಯನ್ನು ಕೇಳು,” ಎಂದರು ಅವಳಿಗೆ ಮಾರ್ಲೂಸ್.

ಅಕ್ಷಯಾ ಕೇಳಿದಳು. ವತ್ಸಲಮ್ಮ ಸೆರಗು ಸರಿಮಾಡಿಕೊಂಡರು. ಸೊಸೆಯ ಮುಖ ನೋಡಿದರು, ನೆಲ ನೋಡಿದರು. ಆಯಿತು, ಮುಗಿಯಿತು ಅಂದುಕೊಂಡಳು ವಾಸಂತಿ.

“ಹುಡುಕ್ದೆ ಕಣಮ್ಮ,” ಎಂದರು ವತ್ಸಲಮ್ಮ ಕೊನೆಗೆ, ಮಾರ್ಲೂಸ್ ಕಡೆಗೇ ತಿರುಗಿ, ಅವರಿಗೆ ಕನ್ನಡ ಬಂದೀತು ಅನ್ನುವ ಧೈರ್ಯದಲ್ಲಿ. “ಸುಳ್ಯಾಕೆ ಹೇಳ್ಲಿ. ನಾಲ್ಕು ದಿನ ಹುಡುಕ್ದೆ. ಸಿಟ್ಟಿತ್ತು ನಂಗೆ. ನನ್ನಿಂದ ಬಚ್ಚಿಡ್ತಾಳಾ, ನೋಡೇಬಿಡ್ತೀನಿ ಅಂತ ಹಿಟ್ಟಿನ ಡಬ್ಬಕ್ಕೆ ಕೈಹಾಕ್ದೆ, ದಿಂಬಿನ ಹೊಟ್ಟೆ ಬಗ್ದೆ, ದೇವರ ಪೀಠಾನೂ ಎತ್ತಿ ನೋಡ್ದೆ. ಸಿಗ್ಲಿಲ್ಲ. ನಿನ್ನೆ ಮಧ್ಯಾಹ್ನ ಸುಸ್ತಾಗಿ ಕೂತ್ಕೊಂಡೆ ನೋಡು, ಆವಾಗ ಖುಷಿಯಾಯ್ತು. ನನ್ ಸೊಸೆ ನನ್ ಕೈಗೂ ಸಿಗದ ಹಾಗೆ ಒಂದು ಇಟ್ಕೊಂಡಿದಾಳಲ್ಲ ಅಂತ. ನಾನು ನಮ್ಮತ್ತೆ ಕೈಗೆ ಸಿಗದ ಹಾಗೆ ಒಂದು ಸೂಜೀನೂ ಇಟ್ಕೊಳಕ್ಕಾಗ್ಲಿಲ್ಲ. ಕೊಟ್ಬಿಡಮ್ಮ ಇವಳಿಗೆ ಲೈಸೆನ್ಸು.”

ಅಕ್ಷಯಾ ಒಂದು ಮಾತೂ ಬಿಡದೆ ಡಚ್‌ನಲ್ಲಿ ಒಪ್ಪಿಸಿದಳು. ದಿಂಬಿನ ಹೊಟ್ಟೆಯನ್ನು ಕೈಯಲ್ಲಿ ಅಭಿನಯಿಸಿಯೂ ತೋರಿಸಿದಳು. ಮಾರ್ಲೂಸ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಗುವಿಗೋ ಇನ್ನೇತಕ್ಕೋ ಗೊತ್ತಾಗಲಿಲ್ಲ.

“ಇಪ್ಪತ್ತು ವರ್ಷದಿಂದ ಮನೆಮನೆ ಪರೀಕ್ಷೆ ಮಾಡುತ್ತಿದ್ದೇನೆ,” ಎಂದರು. “ಇಷ್ಟು ಚೆನ್ನಾಗಿ ಯಾರೂ ಪರೀಕ್ಷೆ ಮಾಡಿರಲಿಲ್ಲ.” ಫೈಲಿನಲ್ಲಿ ಸಹಿ ಹಾಕಿ, ಮೂರು ವಾರದಲ್ಲಿ ಪರವಾನಗಿ ಅಂಚೆಯಲ್ಲಿ ಬರುತ್ತದೆ, ಗ್ರೋನೌನಲ್ಲಿ ಚೆನ್ನಾಗಿ ಆಡಿ ಎಂದು ವಾಸಂತಿಯ ಕೈಕುಲುಕಿದರು. ಒಂದು ಚಕ್ಕುಲಿಯನ್ನೂ ತಿಂದರು. ಇನ್ನೊಂದನ್ನು ಕೇಳಿ ಕಾಗದದಲ್ಲಿ ಸುತ್ತಿಸಿಕೊಂಡು ಹೋದರು.

ಬಾಗಿಲು ಹಾಕಿದ ಮೇಲೆ ವಾಸಂತಿಗೆ ನಿಲ್ಲಲಾಗಲಿಲ್ಲ, ಕೂರಲಾಗಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆಯನ್ನು ಹಿಂದಿನಿಂದ ತಬ್ಬಿಕೊಂಡಳು. ವತ್ಸಲಮ್ಮ, “ಬಿಡೇ, ಒಗ್ಗರಣೆ ಸೀದುಹೋಗತ್ತೆ” ಎಂದರೂ ಬಿಡಿಸಿಕೊಳ್ಳಲಿಲ್ಲ.

“ಅತ್ತೆ, ನಿಮ್ಮತ್ತೆ ಕೈಗೆ ಸಿಗದ ಹಾಗೆ ನಿಜವಾಗ್ಲೂ ಏನೂ ಇಟ್ಕೊಂಡಿರ್ಲಿಲ್ವಾ?”

“ಎಲ್ಲಿಂದ? ಮದುವೇಲಿ ನಮ್ಮಪ್ಪ ಒಂದು ಟ್ರಂಕ್ ಕೊಟ್ಟಿದ್ರು. ಹೊಸಿಲು ದಾಟಿದ ದಿನಾನೇ ಕೀ ಇಸ್ಕೊಂಡ್ರು ನಮ್ಮತ್ತೆ.” ಸೌಟು ತಿರುವಿ ಉರಿ ಸಣ್ಣ ಮಾಡಿದರು. ಆಮೇಲೆ ಬಾಗಿಲ ಕಡೆ ನೋಡಿ, ಮಗ ಅಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು. “ನೀನು ಇವತ್ತು ಕೇಳಿದ್ದಕ್ಕೆ ಹೇಳ್ತಿದೀನಿ. ಕೀ ಕೊಡೋಕ್ ಮುಂಚೆ ಟ್ರಂಕಿಂದ ಒಂದೇ ಒಂದು ತೆಗೆದಿಟ್ಕೊಂಡಿದ್ದೆ. ಇವತ್ತಿಗೂ ಇದೆ. ನಿಮ್ ಮಾವನೂ ನೋಡ್ಲಿಲ್ಲ, ಇವನೂ ನೋಡಿಲ್ಲ.”

ವಾಸಂತಿ ಅವರನ್ನು ತನ್ನ ಕಡೆ ತಿರುಗಿಸಿಕೊಂಡಳು. “ಏನತ್ತೆ ಅದು?”

ಎಪ್ಪತ್ತೆರಡರ ವತ್ಸಲಮ್ಮ ಸೊಸೆಯ ಕಣ್ಣಲ್ಲಿ ಕಣ್ಣಿಟ್ಟು, ಬಾಯಿತುಂಬ ನಕ್ಕರು.

“ಹೇಳಲ್ಲ, ಹೋಗೆ.”